ಯಾವ ಯಲ್ಲವ್ವ?

ನಮ್ಮ ಆಸ್ಪತ್ರೆಯ ರಜಿಸ್ಟರಿನಲ್ಲಿ ಒಂದೇ ದಿನ ಏಳು ಮಂದಿ ಯಲ್ಲವ್ವಂದಿರು ಬಂದ ದಾಖಲೆ ಇದೆ. ಬೈಲಹೊಂಗಲದಲ್ಲಿ ಕೂತು ಸವದತ್ತಿ ಕಡೆಯ ಮಂದಿಯ ಹೆಸರು ಬರೆದುಕೊಳ್ಳುವವರಿಗೆ ಇದೇನೂ ಹೊಸದಲ್ಲ. ಗುಡ್ಡದ ದೇವಿಯ ಹೆಸರನ್ನು ಮನೆಗೊಬ್ಬರಿಗಾದರೂ ಇಟ್ಟೇ ಇಡುತ್ತಾರೆ. ಅಡ್ಡಹೆಸರು ಕೇಳಿದರೆ ಅದೂ ಒಂದೇ, ಊರು ಕೇಳಿದರೆ ಅದೂ ಒಂದೇ. ಹೋಗಲಿ, ಗಂಡನ ಹೆಸರು ಕೇಳೋಣವೆಂದರೆ ವಯಸ್ಸಾದ ಹೆಂಗಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ನಿಂತವರನ್ನು ಮೊಳಕೈಯಿಂದ ತಿವಿದು ಹೇಳಿಸುತ್ತಾರೆ. ಹಿಂದೆ ಯಾರೂ ಇಲ್ಲದಿದ್ದರೆ ನಗುತ್ತಾ ನಿಂತುಬಿಡುತ್ತಾರೆ. ಪಾಳಿ ಮಾತ್ರ ಬಾಗಿಲ ತನಕ ಬೆಳೆದಿರುತ್ತದೆ.

ನಾನು ನೀಲಾ. ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕಿಟಕಿಯ ಹಿಂದೆ ಕೂರುವವಳು. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಹನ್ನೊಂದು ವರ್ಷದ ಹಿಂದೆ ಈ ಕುರ್ಚಿಗೆ ಬಂದ ಮೊದಲ ವಾರವೇ ನಾನೊಂದು ಉಪಾಯ ಕಂಡುಕೊಂಡೆ. ಹೆಸರಿನ ಮುಂದೆ ಬೇನೆ ಸೇರಿಸಿ ಕರೆಯುವುದು. ‘ಮೂಲವ್ಯಾಧಿ ಯಲ್ಲವ್ವಾ!’ ಎಂದರೆ ಏಳು ಮಂದಿಯಲ್ಲಿ ಒಬ್ಬಳೇ ಏಳುತ್ತಿದ್ದಳು. ‘ಹರಳಿನ ಯಲ್ಲಪ್ಪಾ!’ ಎಂದರೆ ಒಬ್ಬನೇ ಏಳುತ್ತಿದ್ದ. ಇಷ್ಟು ವರ್ಷದಲ್ಲಿ ಒಬ್ಬರ ಫೈಲು ಇನ್ನೊಬ್ಬರ ಕೈಗೆ ಹೋಗಿಲ್ಲ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು. ಎದ್ದು ಬರುವವರು ತಲೆ ತಗ್ಗಿಸಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು ಬರುತ್ತಿದ್ದರು. ನನಗೆ ಕೊಡುವ ಮರ್ಯಾದೆ ಅದು ಎಂದುಕೊಂಡಿದ್ದೆ. ಎಂಥ ಬುದ್ಧಿ ನನ್ನದು!

ನಾನು ಹೇಳಹೊರಟ ಯಲ್ಲವ್ವ ಬಂದದ್ದು ಶಾಲೆಗಳು ಶುರುವಾದ ಹೊಸತರಲ್ಲಿ. ಮುನವಳ್ಳಿಯಿಂದ ಆಚೆ ಒಂದು ಹಳ್ಳಿಯವಳು. ಅಲ್ಲಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಲವತ್ತೈದರ ಆಚೀಚೆ ವಯಸ್ಸು, ಗಟ್ಟಿ ಮೈಕಟ್ಟು, ನಡೆಯುವಾಗ ಮಾತ್ರ ಕಾಲನ್ನು ತುಸು ಅಗಲಿಸಿ ಇಡುತ್ತಿದ್ದಳು. ಕಿಟಕಿಯ ಗಾಜಿನಲ್ಲಿರುವ ಗುಂಡು ಕಿಂಡಿಗೆ ಬಾಯಿ ತಾಗಿಸಿ, “ಬಾಯಾರ, ಸ್ವಲ್ಪ ಕಿವಿ ಇಲ್ಲಿ ತರ್ರಿ” ಎಂದಳು.

“ಗಟ್ಟಿಯಾಗಿ ಹೇಳವ್ವ, ಕೇಳಸೂದಿಲ್ಲ” ಎಂದೆ.

ಅವಳು ಗಟ್ಟಿಯಾಗಿ ಹೇಳಲಿಲ್ಲ. ನಾನೇ ಬೈದುಕೊಳ್ಳುತ್ತಾ ಕಿವಿ ತಂದೆ. ಮೂರನೇ ಹೆರಿಗೆಯ ನಂತರ ಗರ್ಭಚೀಲ ಕೆಳಗೆ ಜಾರಿದೆ, ಹನ್ನೆರಡು ವರ್ಷದಿಂದ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ, ಈಗ ಕೂತರೂ ನೋವು, ನಿಂತರೂ ನೋವು ಎಂದಳು. ನಾನು ಬರೆದುಕೊಂಡೆ. ಅರ್ಧ ಗಂಟೆಯಾದ ಮೇಲೆ ಅವಳ ಪಾಳಿ ಬಂದಾಗ ತುಂಬಿದ ಹಾಲಿಗೆ ಕೇಳುವಂತೆ ಕೂಗಿದೆ: “ಗರ್ಭಚೀಲದ ಯಲ್ಲವ್ವಾ!”

ಅವಳು ತಕ್ಷಣ ಏಳಲಿಲ್ಲ. ಎರಡನೇ ಸಲ ಕೂಗಬೇಕಾಯಿತು.

ಹೆಂಗಸರ ಆಪರೇಷನ್ ಮಾಡುವ ಡಾ. ಶೈಲಶ್ರೀ ಧಾರವಾಡದಿಂದ ಗುರುವಾರಕ್ಕೊಮ್ಮೆ ಬರುತ್ತಾರೆ. ಅವರು ಪರೀಕ್ಷೆ ಮಾಡಿ, ಹುಣ್ಣಾಗಲು ಶುರುವಾಗಿದೆ, ಗರ್ಭಚೀಲ ತೆಗೆಯಲೇಬೇಕು, ಅಲ್ಲಿಯವರೆಗೆ ಒಂದು ಕೊಡ ನೀರು ಕೂಡ ಎತ್ತಬಾರದು ಎಂದು ಹೇಳಿ ಎರಡು ವಾರ ಬಿಟ್ಟು ಬರುವ ಗುರುವಾರಕ್ಕೆ ದಿನ ಗೊತ್ತು ಮಾಡಿದರು.

ಆ ಗುರುವಾರ ಯಲ್ಲವ್ವ ಬರಲಿಲ್ಲ. ಆಪರೇಷನ್ ಕೋಣೆ ತೊಳೆದು ಸಜ್ಜಾಗಿತ್ತು. ಅರಿವಳಿಕೆಯ ಡಾಕ್ಟರು ಬೆಳಗಾವಿಯಿಂದ ಬಂದು ಎರಡು ಕಪ್ ಚಹಾ ಕುಡಿದು ಮೂರನೆಯದನ್ನು ಬೇಡವೆಂದರು. ನಮ್ಮಲ್ಲಿ ಇದೊಂದು ದೊಡ್ಡ ರಗಳೆ. ಹತ್ತು ಮಂದಿಗೆ ದಿನ ಕೊಟ್ಟರೆ ಮೂವರು ನಾಪತ್ತೆ. ಬಿತ್ತನೆ ಇತ್ತು, ಬೀಗರು ಬಂದರು, ಅಮಾವಾಸ್ಯೆ ಎದುರಿಗಿತ್ತು ಎಂದು ನೂರೆಂಟು ನೆಪ. ಶೈಲಶ್ರೀ ಮೇಡಮ್ ಕೈಗವಸು ಬಿಚ್ಚುತ್ತಾ, “ನೀಲಾ, ಹಿಂದಿನ ದಿನ ಫೋನ್ ಮಾಡಿ ನೆನಪ ಮಾಡಿದ್ರೇನು?” ಎಂದು ಕೇಳಿದರು. ಮಾಡಿರಲಿಲ್ಲ. ತಪ್ಪು ನನ್ನದೆಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಂದಿನ ಗುರುವಾರ ಇವಳನ್ನು ತಂದು ಮೇಜಿನ ಮೇಲೆ ಮಲಗಿಸದೆ ಬಿಡುವುದಿಲ್ಲ ಎಂದುಕೊಂಡು ಅಲ್ಲೇ ಫೋನ್ ಎತ್ತಿಕೊಂಡೆ.

ಅವಳ ನಂಬರು ಸ್ವಿಚ್ ಆಫ್. ಫೈಲಿನಲ್ಲಿ ಎರಡನೇ ನಂಬರು ಒಂದಿತ್ತು. ಹಳ್ಳಿಯವರ ಎರಡನೇ ನಂಬರೆಂದರೆ ಓಣಿಯ ಕಿರಾಣಿ ಅಂಗಡಿಯದು. ಎತ್ತಿದವನು ಅಂಗಡಿಯ ಮಲಕಾಜಪ್ಪ.

“ಬೈಲಹೊಂಗಲ ದವಾಖಾನಿಯಿಂದ ಮಾತಾಡೂದ್ರಿ. ಯಲ್ಲವ್ವಗ ಒಂದ ಮಾತ ಹೇಳಬೇಕಿತ್ತು.”

“ಯಾವ ಯಲ್ಲವ್ವರಿ? ನಮ್ಮ ಓಣ್ಯಾಗ ನಾಕ ಮಂದಿ ಅದಾರ.”

ಹನ್ನೊಂದು ವರ್ಷದ ರೂಢಿ. ನಾಲಿಗೆ ಯೋಚನೆಗೆ ಕಾಯಲಿಲ್ಲ. “ಗರ್ಭಚೀಲ ಇಳದೈತಲ್ರಿ, ಆ ಯಲ್ಲವ್ವ. ಸಾಲ್ಯಾಗ ಅಡಗಿ ಮಾಡತಾಳ ನೋಡ್ರಿ. ಆಪರೇಷನ್ ಮುಂದಿನ ಗುರುವಾರ ಐತಿ, ಮರೀಬಾರದು ಅಂತ ಹೇಳ್ರಿ.”

“ಹೂಂನ್ರಿ, ಹೇಳತೇನಿ” ಎಂದ ಮಲಕಾಜಪ್ಪ. ಮಾತು ಮುಟ್ಟಿತು ಎಂಬ ತೃಪ್ತಿಯಿಂದ ಫೋನ್ ಇಟ್ಟೆ. ಫೈಲಿನ ಮೇಲೆ ‘ತಿಳಿಸಲಾಗಿದೆ’ ಎಂದು ದಪ್ಪಗೆ ಬರೆದೆ.

ಎರಡನೇ ಗುರುವಾರವೂ ಯಲ್ಲವ್ವ ಬರಲಿಲ್ಲ.

ಮೇಡಮ್ ಈ ಸಲ ಸಿಟ್ಟು ಮಾಡಲಿಲ್ಲ. ಅವರ ಮುಖದಲ್ಲಿದ್ದದ್ದು ಚಿಂತೆ. “ಬರೂ ಗುರುವಾರ ನಂದು ಕೊನೇದು ನೀಲಾ. ಮಗಳ ಬಾಣಂತನಕ್ಕ ಪುಣೆಗೆ ಹೊಂಟೀನಿ. ತಿರುಗಿ ಬರೂದು ಮೂರು ತಿಂಗಳಿಗೆ. ಆ ಹೆಣ್ಣಮಗಳ ಹುಣ್ಣು ಮೂರು ತಿಂಗಳು ಕಾಯೂ ಹುಣ್ಣಲ್ಲ. ಬ್ಯಾರೆ ಕಡೆ ಹೋಗತಾಳಂದ್ರ ಹೋಗಲಿ. ಆದರ ಇಲ್ಲಿಗೇ ಬರದಾಕಿ ಹುಬ್ಬಳ್ಳಿಗೆ ಹೋಗತಾಳೇನು?”

“ಆಕಿನ್ನ ನಾ ಕರಕೊಂಡ ಬರತೇನ್ರಿ ಮೇಡಮ್” ಎಂದೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ನನಗೆ ಯಲ್ಲವ್ವನ ಮೇಲೆ ಕನಿಕರವೇನೂ ಇರಲಿಲ್ಲ. ಎರಡು ಗುರುವಾರ ನನ್ನನ್ನು ಮೇಡಮ್ ಮುಂದೆ ತಲೆ ತಗ್ಗಿಸಿ ನಿಲ್ಲಿಸಿದ್ದಳಲ್ಲ, ಅದರ ಸಿಟ್ಟು.

ಶನಿವಾರ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ಮುನವಳ್ಳಿಯಲ್ಲಿ ಇಳಿದು ಟಂಟಂ ಆಟೋ ಹಿಡಿದೆ. ನವಿಲುತೀರ್ಥದ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಎರಡೂ ಕಡೆ ಗೋವಿನಜೋಳ ಎದೆಮಟ್ಟ ಬೆಳೆದಿತ್ತು. ದಾರಿಯುದ್ದಕ್ಕೂ ಅವಳಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಳ್ಳುತ್ತಾ ಹೋದೆ. ಡಾಕ್ಟರೆಂದರೆ ನಿನ್ನ ಮನೆಯ ಆಳೇನು ಎಂಬಲ್ಲಿಗೆ ಬರುವಷ್ಟರಲ್ಲಿ ಊರು ಬಂತು.

ಇಳಿದ ಜಾಗದ ಎದುರಿಗೇ ಕಿರಾಣಿ ಅಂಗಡಿ. ಮಲಕಾಜಪ್ಪ ಒಳ್ಳೆಯ ಕಳೆಯ ಮನುಷ್ಯ. ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗು. ಒಂದು ಸ್ಟೂಲು ಒರೆಸಿ ಕೊಟ್ಟ.

“ಕಾಕಾ, ಯಲ್ಲವ್ವನ ಮನಿ ಎಲ್ಲೈತ್ರಿ?”

“ಯಾವ ಯಲ್ಲವ್ವ, ಗರ್ಭಚೀಲದ ಯಲ್ಲವ್ವನಾ?”

ಅವನು ಕುಹಕದಿಂದ ಕೇಳಲಿಲ್ಲ. ದಾರಿ ತೋರಿಸುವವನ ಸಹಜ ದನಿಯಲ್ಲಿ ಕೇಳಿದ. ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಇಬ್ಬರು ತಲೆಯನ್ನೂ ಎತ್ತಲಿಲ್ಲ. ಅಷ್ಟರಮಟ್ಟಿಗೆ ಅದು ಅವಳ ಹೆಸರೇ ಆಗಿಹೋಗಿತ್ತು. ನನ್ನದೇ ಮಾತು, ನಾನು ಕೂಗುವ ಅದೇ ಧಾಟಿಯಲ್ಲಿ, ಬೇರೆಯವರ ಬಾಯಿಂದ ಮೊದಲ ಸಲ ಕೇಳಿದೆ.

“ನಿಮಗ ಯಾರ ಹೇಳಿದ್ರು ಕಾಕಾ?” ಎಂದೆ, ಗೊತ್ತಿದ್ದೂ.

“ದವಾಖಾನಿಯಿಂದನ ಫೋನ್ ಬಂದಿತ್ತಲ್ರಿ. ನನ್ನ ಕೈ ಎಣ್ಣಿ ಆಗಿತ್ತು, ಸ್ಪೀಕರಿಗೆ ಹಾಕಿದ್ದೆ. ಅಂಗಡಿ ಮುಂದ ಆರೆಂಟು ಮಂದಿ ಇದ್ರು. ಪಾಪ, ಆ ಬಾಯಾರು ಭಾಳ ಕಾಳಜಿಯಿಂದ ಹೇಳಿದ್ರರಿ.”

ಆ ಬಾಯಾರು ನಾನೇ ಎನ್ನಲು ಬಾಯಿ ಬರಲಿಲ್ಲ. ಶಾಲೆಯ ದಾರಿ ಕೇಳಿಕೊಂಡು ಎದ್ದೆ. ಜೋಡಿಸಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಊಟದ ಹೊತ್ತು. ಮಕ್ಕಳು ಜಗಲಿಯ ಮೇಲೆ ಸಾಲಾಗಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಅಡುಗೆ ಕೋಣೆಯಿಂದ ಯಲ್ಲವ್ವ ಹೊರಗೆ ಬಂದಳು. ಇಬ್ಬರು ಹಿಡಿಯುವ ಸಾರಿನ ಡಬರಿಯನ್ನು ಒಬ್ಬಳೇ ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು ಬರುತ್ತಿದ್ದಳು. ಜೊತೆಗಾತಿ ಕೆಂಪವ್ವ ಹಿಂದೆಯೇ ಓಡಿಬಂದು ಡಬರಿಯ ಒಂದು ಕಿವಿ ಹಿಡಿಯಲು ಹೋದರೆ, “ಬಿಡು, ಬಿಡು. ನನಗೇನ ಧಾಡಿ ಆಗೈತಿ?” ಎಂದು ಮೊಳಕೈಯಿಂದ ದೂಡಿದಳು. ಗೇಟಿನ ಬಳಿ ನಿಂತಿದ್ದ ಇಬ್ಬರು ತಾಯಂದಿರಿಗೆ ಕೇಳುವಂತೆ ಜೋರಾಗಿಯೇ ಹೇಳಿದಳು. ಅವಳ ತುಟಿ ಬಿಳಿಚಿಹೋಗಿತ್ತು. ಒಂದು ಕೊಡ ನೀರು ಎತ್ತಬಾರದೆಂದು ಹೇಳಿಸಿಕೊಂಡವಳು ಅವಳು.

ನನ್ನನ್ನು ನೋಡಿ ಗುರುತು ಹಿಡಿದಳು. ಬಡಿಸುವುದು ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಅಡುಗೆ ಕೋಣೆಗೆ ಬಂದು, ಬಾಗಿಲು ಹಾಕಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಕೂರಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತೆಂದು ನೋಡಿದೆ.

“ಫೋನ್ ಮಾಡಿದಾಕಿ ನೀವ ಅಲ್ರಿ?”

“ಹೌದು.”

“ಹನ್ನೆರಡ ವರ್ಷ ನಾ ಯಾರಿಗೂ ಹೇಳಿರಲಿಲ್ಲ ಬಾಯಾರ. ನನ್ನ ಗಂಡಗ ಹೇಳಿಲ್ಲ. ಹಡದವ್ವಗ ಹೇಳಿಲ್ಲ. ನಿಮಗ ಹೇಳಿದ್ದೆ, ಕಿಡಕಿಗೆ ಬಾಯಿ ಹಚ್ಚಿ. ಅಂವ ಅಂಗಡಿ ಮಲಕಾಜಪ್ಪ ನಾ ಸಕ್ರಿ ತರಾಕ ಹ್ವಾದ್ರ ‘ಬ್ಯಾನಿ ಹೆಂಗೈತಿ?’ ಅಂತ ಕೇಳಿದ. ನನಗ ಭೂಮಿ ಬಾಯಿ ಬಿಡಬಾರದ ಅನಿಸ್ತು.”

ಅಷ್ಟಕ್ಕೆ ನಿಂತಿರಲಿಲ್ಲ. ಅದೇನು ಸೋರುತ್ತದಂತೆ, ಅಂಟುತ್ತದಂತೆ, ಅವಳ ಕೈಯೂಟ ಮಕ್ಕಳಿಗೆ ಬೇಡ ಎಂದು ನಾಲ್ಕು ಮಂದಿ ತಾಯಂದಿರು ದೊಡ್ಡಮ್ಮನೋರಿಗೆ, ಎಂದರೆ ಮುಖ್ಯ ಶಿಕ್ಷಕಿಗೆ, ಹೋಗಿ ಹೇಳಿದ್ದರು. ಮಂಗಳವಾರ ಶಾಲೆಯ ಸಮಿತಿ ಕೂಡಲಿತ್ತು.

“ಮೊದಲನೇ ಗುರುವಾರ ಕೆಂಪವ್ವ ಬಂದಿರಲಿಲ್ಲ, ನೂರಾ ಮೂವತ್ತು ಹುಡುಗರನ್ನ ಉಪವಾಸ ಬಿಟ್ಟ ಬರಾಕ ಆಗಲಿಲ್ಲ. ಎರಡನೇ ಗುರುವಾರ ಬ್ಯಾಗ್ ತುಂಬಿ ಇಟ್ಟಿದ್ದೆ. ಅಷ್ಟರಾಗ ನಿಮ್ಮ ಫೋನಿನ ಮಾತು ಊರ ತುಂಬ ಹಬ್ಬಿತು. ಈಗ ನಾ ದವಾಖಾನಿಗೆ ಬಂದ್ರ ಮಂದಿ ಅಂದದ್ದು ಹೌದ ಅಂದಂಗಾತು. ಅದಕ್ಕ ಬರೂದಿಲ್ಲ. ಸಮಿತಿಯವರು ನೋಡ್ಲಿ, ನಾ ಡಬರಿ ಎತ್ತೂದನ್ನ ನೋಡ್ಲಿ. ಬ್ಯಾನಿ ಇದ್ದಾಕಿ ಎತ್ತತಾಳೇನು?”

“ಹುಣ್ಣು ಬೆಳೀತೈತಿ ಯಲ್ಲವ್ವಕ್ಕ. ಬರೂ ಗುರುವಾರ ಬಿಟ್ರ ಮೇಡಮ್ ಮೂರು ತಿಂಗಳ ಸಿಗೂದಿಲ್ಲ. ಅಷ್ಟೊತ್ತಿಗೆ ಕೈ ಮೀರಿದ್ರ?”

“ಮೀರ್ಲಿ. ಈ ಕೆಲಸ ಹ್ವಾದ್ರ ನನಗ ಏನ ಉಳದೀತು? ಊರಾಗ ಯಾರರ ನನ್ನ ಕೈಯಾಗ ನೀರ ಕುಡಿತಾರೇನು?” ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಎದ್ದೆ. ತಪ್ಪು ಮಾಡಿದವಳು ನಾನು, ಸರಿಮಾಡುವವಳೂ ನಾನೇ ಎಂಬ ಆವೇಶ ತಲೆಗೇರಿತ್ತು. ಒಂದು ಉಪಾಯವೂ ಹೊಳೆದಿತ್ತು. ನನ್ನ ಉಪಾಯಗಳೇ ನನಗೆ ಶತ್ರು ಎಂದು ಇನ್ನೂ ತಿಳಿದಿರಲಿಲ್ಲ. “ತಡೀರಿ, ಬಂದೆ” ಎಂದು ನೇರ ಅಂಗಡಿಗೆ ನಡೆದೆ. “ಬಾಯಾರ, ಎಲ್ಲಿ ಹೊಂಟ್ರಿ? ನಿಲ್ರಿ!” ಎಂದು ಯಲ್ಲವ್ವ ಹಿಂದಿನಿಂದ ಕರೆದದ್ದು ಕೇಳಿಸಿತು. ನಿಲ್ಲಲಿಲ್ಲ.

ಅಂಗಡಿಯ ಮುಂದೆ ಈಗ ಏಳೆಂಟು ಮಂದಿ ಸೇರಿದ್ದರು. ಒಬ್ಬಳು ಮುದುಕಿ ಚಹಾಪುಡಿ ಕೊಳ್ಳುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ಆಸ್ಪತ್ರೆಯ ಗಂಟಲಿನಲ್ಲೇ ಹೇಳಿದೆ: “ಕಾಕಾ, ಅವತ್ತ ಫೋನ್ ಮಾಡಿದಾಕಿ ನಾನ. ದವಾಖಾನಿಯಾಕಿ. ನನ್ನಿಂದ ತಪ್ಪಾಗೈತಿ. ಆ ಬ್ಯಾನಿ ಇದ್ದದ್ದು ಸಾಲಿ ಯಲ್ಲವ್ವಗ ಅಲ್ಲ. ಫೈಲ್ ಅದಲ ಬದಲ ಆಗಿತ್ತು.”

ಹನ್ನೊಂದು ವರ್ಷ ಒಂದು ಫೈಲೂ ತಪ್ಪದ ನಾನು ಆ ಮಾತನ್ನು ಹೇಳುವಾಗ ಎದೆಯುಬ್ಬಿಸಿದ್ದೆ. ಒಂದು ಸುಳ್ಳು, ಒಬ್ಬಳ ಜೀವ ಉಳಿಯುತ್ತದೆ. ಇನ್ನು ಅವಳು ಬೇರೆ ಏನಾದರೂ ನೆಪ ಹೇಳಿ ಗುರುವಾರ ಬರಬಹುದು.

ಮಲಕಾಜಪ್ಪ ತಕ್ಕಡಿ ಕೆಳಗಿಟ್ಟ. “ಹಂಗಾರ ಯಾವ ಯಲ್ಲವ್ವರಿ?”

ನಾನು ಅಷ್ಟು ದೂರ ಯೋಚಿಸಿರಲಿಲ್ಲ. ನನ್ನ ಉತ್ತರಕ್ಕೆ ಯಾರೂ ಕಾಯಲೂ ಇಲ್ಲ. ಬೀಡಿ ಸೇದುವವನು ಬೆರಳು ಮಡಚತೊಡಗಿದ. ಓಣಿಯಲ್ಲಿ ನಾಲ್ವರು. ಸಾಲಿ ಯಲ್ಲವ್ವ ಅಲ್ಲವಂತೆ. ದೊಡ್ಡ ಯಲ್ಲವ್ವ ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು. ಇನ್ನೊಬ್ಬಳು ಮಗನ ಜೊತೆ ಗೋವಾದಲ್ಲಿದ್ದಾಳೆ.

“ಉಳದಾಕಿ ಕಾಡವ್ವನ ಸೊಸಿ ಒಬ್ಬಾಕಿನ” ಎಂದ ಅವನು.

ಚಹಾಪುಡಿ ಹಿಡಿದಿದ್ದ ಮುದುಕಿಯೇ ಕಾಡವ್ವ. ಅವಳು ತಿರುಗಿ ರಸ್ತೆಯಾಚೆಯ ನಲ್ಲಿಯ ಕಡೆ ನೋಡಿದಳು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿಯೊಬ್ಬಳು ಕೊಡ ತುಂಬಿಸುತ್ತಿದ್ದಳು.

“ಎರಡ ವರ್ಷಾತಲ್ಲ ಮದವಿ ಆಗಿ?” ಎಂದಿತು ಒಂದು ದನಿ. “ಅದಕ್ಕ ಇನ್ನೂ ಹೊಟ್ಟಿ ನಿಂತಿಲ್ಲ ಬಿಡು.”

“ತವರಮನಿಯವರು ಮುಚ್ಚಿಟ್ಟ ಕೊಟ್ಟಾರೇನ ನಮಗ?” ಎಂದಳು ಕಾಡವ್ವ. ಚಹಾಪುಡಿಯ ಪೊಟ್ಟಣ ಅವಳ ಕೈಯಿಂದ ಜಾರಿ ಚೆಲ್ಲಿತು.

“ಅಲ್ರಿ, ಆಕಿ ಅಲ್ರಿ! ಯಾರೂ ಅಲ್ರಿ!” ಎಂದು ಕೂಗಿದೆ. ಕೂಗಿದಷ್ಟೂ ಅವರಿಗೆ ಖಾತ್ರಿಯಾಗುತ್ತಾ ಹೋಯಿತು. ಬೇನೆ ಎಂದಮೇಲೆ ಒಬ್ಬ ಯಲ್ಲವ್ವ ಬೇಕಲ್ಲ. ಅದನ್ನು ಒಬ್ಬಳ ಮೈಯಿಂದ ಕಿತ್ತು ಇನ್ನೊಬ್ಬಳ ಮೈಗೆ ಹಚ್ಚಲು ನನಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಹುಡುಗಿ ಕೊಡವನ್ನು ಸೊಂಟಕ್ಕೇರಿಸಿ ಈ ಕಡೆ ನೋಡಿದಳು. ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

“ಕಾಡವ್ವತ್ತಿ, ಆ ಹುಡುಗಿನ್ನ ಯಾಕ ನೋಡತಿ? ಇಲ್ಲಿ ನೋಡು.”

ಯಲ್ಲವ್ವ ಬಂದು ನಿಂತಿದ್ದಳು. ಶಾಲೆಯಿಂದ ಬಿರುಸಾಗಿ ನಡೆದು ಏದುಸಿರು ಬಿಡುತ್ತಿದ್ದಳು. ಒಂದು ಕೈ ಅಂಗಡಿಯ ಕಂಬದ ಮೇಲಿತ್ತು.

“ನಾನ ಆಕಿ. ಬಾಯಾರು ಈಗ ಹೇಳಿದ್ದು ಸುಳ್ಳು, ಅವತ್ತ ಹೇಳಿದ್ದು ಖರೆ. ಮೂರನೇದಾಕಿನ್ನ ಹಡದು ಎಂಟ ದಿನಕ್ಕ ನಾ ಜ್ವಾಳದ ಚೀಲ ಹೊತ್ತೆ, ಅವತ್ತ ಇಳದದ್ದು. ಹನ್ನೆರಡ ವರ್ಷ ಅದನ್ನ ಕಟಗೊಂಡ ನಿಮ್ಮ ಹುಡುಗರಿಗೆ ಅಡಗಿ ಮಾಡಿ ಹಾಕೇನಿ. ಯಾರಿಗರ ಹೊಟ್ಟಿ ನೋವ ಬಂದೈತೇನು, ಹೇಳ್ರಿ ನೋಡೋಣು.”

ಬೀಡಿ ಸೇದುವವನು ಬೀಡಿಯನ್ನು ಕಾಲಡಿ ಹೊಸಕಿದ.

“ಇದು ಅಂಟೂ ಬ್ಯಾನಿ ಅಲ್ಲ. ಹಡದಾಕಿಗೆ ಬರೂ ಬ್ಯಾನಿ. ಮಲಕಾಜಪ್ಪಣ್ಣ, ನಿಮ್ಮವ್ವಗೂ ಇದ್ದಿರಬೇಕು. ಹೇಳಿರಾಕಿಲ್ಲ ಅಷ್ಟ. ಬರೂ ಗುರುವಾರ ನಾ ಬೈಲಹೊಂಗಲಕ್ಕ ಹೋಗಿ ತಗಸ್ಕೊಂಡ ಬರತೇನಿ. ಮಂಗಳವಾರ ಸಮಿತಿಯಾಗೂ ನಾನ ಹೋಗಿ ಹೇಳತೇನಿ. ಮೂರು ತಿಂಗಳಿಗೆ ತಿರುಗಿ ಬಂದು ಇದ ಸಾಲ್ಯಾಗ ಅಡಗಿ ಮಾಡತೇನಿ. ಉಣ್ಣೂ ಹುಡುಗರು ಉಣ್ಲಿ.”

ಆಮೇಲೆ ನನ್ನ ಕಡೆ ತಿರುಗಿದಳು. ಊರವರಿಗೆ ಹೇಳುವಾಗ ಇಲ್ಲದ ಸಿಟ್ಟು ಆ ಮುಖದಲ್ಲಿ ಈಗ ಬಂದಿತ್ತು.

“ನೀವೂ ಕೇಳ್ರಿ ಬಾಯಾರ. ಇದು ನನ್ನ ಮೈ, ನನ್ನ ಮಾತು. ಹೇಳೂದಿದ್ರ ನಾ ಹೇಳತೇನಿ, ಮುಚ್ಚೂದಿದ್ರ ನಾ ಮುಚ್ಚತೇನಿ. ಮೊದಲ ಕೇಳದ ಹೇಳಿದ್ರಿ, ಈಗ ಕೇಳದ ಸುಳ್ಳ ಹೇಳಿದ್ರಿ. ಎರಡೂ ಒಂದ.”

ಬೈಸಿಕೊಳ್ಳುವುದು ನನಗೆ ರೂಢಿಯಿಲ್ಲ, ಬೈಯುವುದು ರೂಢಿ. ಆದರೂ ಅವಳ ಒಂದೊಂದು ಮಾತನ್ನೂ ನಿಂತು ಕೇಳಿದೆ. ಈ ಕಥೆಯನ್ನು ಇಷ್ಟು ಬಿಚ್ಚಿ ಬರೆಯುತ್ತಿರುವುದು ಮುಂದೊಂದು ದಿನ ಅವಳೇ ಬರೆಯಿರಿ ಎಂದದ್ದರಿಂದ. ಮಲಕಾಜಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಬಂದು, “ತಂಗೀ, ಸ್ಪೀಕರಿಗೆ ಹಾಕಬಾರದಿತ್ತು ನಾ” ಎಂದ. ಕಾಡವ್ವ ಚೆಲ್ಲಿದ ಪುಡಿಯನ್ನು ಬಳಿದುಕೊಳ್ಳುತ್ತಾ ಕೂತಳು. ಹುಡುಗಿ ನೀರು ಹೊತ್ತುಕೊಂಡು ಮನೆಗೆ ಹೋದಳು.

ಸೋಮವಾರ ನಾನು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಂತೆ. ಇನ್ನು ಮೇಲೆ ಹೆಸರಿಲ್ಲ, ಬೇನೆಯಿಲ್ಲ, ಕೈಗೊಂದು ನಂಬರಿನ ಬಿಲ್ಲೆ ಎಂದೆ. ಕಂಪೌಂಡರ್ ಬಾಳೇಶ ನಕ್ಕ. “ಅಕ್ಕಾರ, ಅರ್ಧ ಮಂದಿಗೆ ಓದಾಕ ಬರೂದಿಲ್ಲ. ನೀವು ಇಪ್ಪತ್ತಮೂರು ಅಂತ ಒದರಿದ್ರ ಎಂಟು ಮಂದಿ ಎದ್ದ ಬರತಾರ.”

“ಬಂದ್ರ ಬರ್ಲಿ. ಬಿಲ್ಲೆ ನೋಡಿ ಏಳು ಮಂದಿನ್ನ ತಿರುಗಿ ಕುಂದ್ರಸತೇನಿ.”

ಖರೇನೇ ಎಂಟು ಮಂದಿ ಎದ್ದು ಬಂದರು. ಮೊದಲ ಎರಡು ದಿನ ನನ್ನ ತಲೆ ಕೆಟ್ಟು ಹೋಯಿತು. ಒಮ್ಮೆ ‘ಮೂಲ—’ ಎಂದು ಬಾಯಿ ತೆರೆದು ನಾಲಿಗೆ ಕಚ್ಚಿಕೊಂಡೆ, ರಕ್ತವೇ ಬಂತು. ಆದರೆ ಬಿಡಲಿಲ್ಲ. ಓದಲು ಬಾರದವರ ಮುಖ ನೆನಪಿಟ್ಟುಕೊಂಡು, ಕುರ್ಚಿಯಿಂದೆದ್ದು ಹೋಗಿ ಭುಜ ಮುಟ್ಟಿ ಕರೆದೆ. ಫೋನಿಗೂ ಒಂದು ಕಟ್ಟಳೆ ಹಾಕಿಕೊಂಡೆ. ಬೇರೆ ಯಾರಾದರೂ ಎತ್ತಿದರೆ, ‘ಬೈಲಹೊಂಗಲದ ನೀಲಾ ಫೋನ್ ಮಾಡಿದ್ಲು ಅಂತ ಹೇಳ್ರಿ’ ಎನ್ನುವುದು, ಅಷ್ಟೇ. ಯಾವ ನೀಲಾ ಎಂದು ಕೇಳಿದರೆ ಗೆಳತಿ ಎನ್ನುವುದು. ಶೈಲಶ್ರೀ ಮೇಡಮ್‌ಗೆ ಎಲ್ಲವನ್ನೂ ಹೇಳಿದೆ, ನನ್ನ ಪಾಲನ್ನೂ ಮುಚ್ಚಿಡದೆ. ಅವರು, “ನೀವು ಕೂಗೂದು ನನ್ನ ಕೋಣಿಗೂ ಕೇಳಸತಿತ್ತು ನೀಲಾ. ನಾನೂ ಬ್ಯಾಡ ಅಂದಿರಲಿಲ್ಲ” ಎಂದರು.

ಗುರುವಾರ ಬೆಳಿಗ್ಗೆ ಏಳೂವರೆಗೆ ನಾನು ಬಸ್ ಸ್ಟ್ಯಾಂಡಿನಲ್ಲೇ ಇದ್ದೆ. ಮೊದಲ ಬಸ್ಸು ಬಂತು, ಯಲ್ಲವ್ವ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಫೋನ್ ಸ್ವಿಚ್ ಆಫ್. ಅಂಗಡಿಗೆ ಮಾಡಲು ಬೆರಳು ಹೋಯಿತು, ಎಳೆದುಕೊಂಡೆ. ಎಂಟೂ ಮುಕ್ಕಾಲಿಗೆ ಟಂಟಂ ಒಂದು ಆಸ್ಪತ್ರೆಯ ಮುಂದೆಯೇ ಬಂದು ನಿಂತಿತಂತೆ. ಬಾಳೇಶ ಫೋನ್ ಮಾಡಿ ಕರೆದ. ಓಡಿಬಂದೆ. ಯಲ್ಲವ್ವ ಇಳಿದಿದ್ದಳು. ಬ್ಯಾಗು ಹಿಡಿದುಕೊಂಡು ಅವಳ ಗಂಡ ನಿಂತಿದ್ದ. ಅವನ ಹಿಂದೆ, ನಾನು ಎಣಿಸದೇ ಇದ್ದವಳು, ಕಾಡವ್ವನ ಸೊಸೆ.

“ಸಮಿತಿ ಏನಂತು?” ಎಂದೆ.

“ಏನಂತೈತಿ? ಕೆಂಪವ್ವ ಎದ್ದ ನಿಂತ, ಯಲ್ಲವ್ವನ್ನ ಬಿಡಸಿದ್ರ ನಾನೂ ಬಿಡತೇನಿ, ನೂರಾ ಮೂವತ್ತು ಮಂದಿಗೆ ನೀವ ಅಡಗಿ ಮಾಡ್ರಿ ಅಂದ್ಳು. ಬಿಡಸೂ ಮಾತ ಅಲ್ಲೇ ಬಿದ್ದ ಹೋತು.”

ಗಂಡ ನನ್ನ ಕಿಟಕಿಯ ಬಳಿ ಸಹಿ ಹಾಕಲು ಬಂದ. ಪೆನ್ನು ಹಿಡಿದು, “ಒಂದ ಮನ್ಯಾಗ ಇದ್ದು ನನಗ ಗೊತ್ತಾಗಲಿಲ್ಲ ನೋಡ್ರಿ” ಎಂದ. ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದೆ.

ಹತ್ತೂವರೆಗೆ ಒಳಗೆ ಕರೆದುಕೊಂಡು ಹೋದವರು ಹನ್ನೆರಡೂವರೆಗೆ ಹೊರಗೆ ತಂದರು. ಮೇಡಮ್ ಟೊಪ್ಪಿಗೆ ತೆಗೆಯುತ್ತಾ ನನ್ನ ಕಡೆ ನೋಡಿ, “ಚಲೋ ಆತು” ಎಂದರು. ಕಣ್ಣಿಗೆ ಕಂಡ ಮಟ್ಟಿಗೆ ಹುಣ್ಣು ಕೆಟ್ಟದ್ದಕ್ಕೆ ತಿರುಗಿಲ್ಲ ಎಂದೂ, ಇನ್ನೂ ತಡವಾಗಿದ್ದರೆ ಏನೂ ಹೇಳಲು ಬರುತ್ತಿರಲಿಲ್ಲ ಎಂದೂ ಹೇಳಿದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತು ಬಂದೆ.

ಮಧ್ಯಾಹ್ನದ ಪಾಳಿ ಶುರುವಾಗಿತ್ತು. ಹಾಲಿನಲ್ಲಿ ನಲವತ್ತು ಮಂದಿ. ಕಾಡವ್ವನ ಸೊಸೆ ಕಿಟಕಿಗೆ ಬಂದಳು. ಯಲ್ಲವ್ವನಿಗೆ ಗಂಜಿ ಯಾವಾಗ ಕೊಡಬೇಕೆಂದು ಕೇಳಿದಳು. ಹೇಳಿದೆ. ಹೋಗಲಿಲ್ಲ. ಗಾಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ಅವಳ ಹಿಂದೆ ನಿಂತವನು ಕತ್ತು ಉದ್ದ ಮಾಡಿದ.

“ಬಾಯಾರ, ನಂದೂ ಒಂದ ಹೇಳೂದೈತ್ರಿ” ಎಂದಳು. ದನಿ ಇನ್ನೂ ಸಣ್ಣದಾಯಿತು. “ಅವತ್ತ ಅಂಗಡಿ ಮುಂದ ಎಲ್ಲಾರೂ ನನ್ನ ನೋಡಿದ್ರಲ್ರಿ, ಯಲ್ಲವ್ವತ್ತಿ ಬಂದು ನಾನು ಅಂದ್ಲು. ಆಕಿನ ನನಗ ಇಲ್ಲಿ ಹೇಳು ಅಂದ್ಲು.”

“ತಡಿ ತಂಗಿ” ಎಂದು ಎದ್ದೆ. ಕುರ್ಚಿಗೆ ಬಾಳೇಶನನ್ನು ಕೂರಿಸಿ, ಹೊರಗೆ ಬಂದು ಅವಳ ಕೈ ಹಿಡಿದು, ತೊಳೆದ ಚಾದರ ಇಡುವ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲು ಹಾಕಿ ಅಗಳಿ ಇಳಿಸಿದೆ. ಚಾದರದ ಗಂಟಿನ ಮೇಲೆ ಅವಳನ್ನು ಕೂರಿಸಿ ನಾನು ನೆಲದ ಮೇಲೆ ಕೂತೆ. ಹೊರಗೆ ಮಂದಿ ಬಿಲ್ಲೆ ಹಿಡಿದುಕೊಂಡು ಗಲಾಟೆ ಮಾಡತೊಡಗಿದರು. ಮಾಡಲಿ ಎಂದು ಬಿಟ್ಟೆ. ಅವಳು ಮೊದಲು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಆಮೇಲೆ ಹೇಳಿದಳು. ಕಾಲು ಗಂಟೆ ಹೇಳಿದಳು. ಪೂರ್ತಿ ಕೇಳಿ, ಹಿಂದಿನ ಬಾಗಿಲಿನಿಂದಲೇ ಅವಳನ್ನು ಮೇಡಮ್ ಕೋಣೆಗೆ ಬಿಟ್ಟು, ಕಿಟಕಿಗೆ ಬಂದು ಕೂತೆ.

“ಏನಂತ್ರೀ ಆ ಹುಡುಗಿಗೆ?” ಎಂದ ಬಾಳೇಶ.

ಅವನಿಗೆ ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.